ಮನ್ಯಾನ ಸೂಜಿ

ಗಂಡನಿಗೆ ಭೋಪಾಲಕ್ಕೆ ವರ್ಗವಾದ ಆದೇಶ ಬಂದ ದಿನವೇ ರಾಗಿಣಿ ಬೆಕ್ಕಿನ ಪ್ರಯಾಣದ ತಯಾರಿ ಶುರುಮಾಡಿದಳು. ಪಾತ್ರೆ, ಪುಸ್ತಕ, ಗ್ಯಾಸ್ ಸಿಲಿಂಡರ್ ಎಲ್ಲ ಆಮೇಲೆ. ಮೊದಲು ನಾಗಪುರದ ಪೇಟೆಯಿಂದ ಜಾಳಿಗೆ ಬಾಗಿಲಿನ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ತಂದು, ಬಾಗಿಲು ತೆರೆದು, ನಡುಮನೆಯ ಕೂಲರಿನ ಪಕ್ಕದಲ್ಲಿಟ್ಟಳು. ಒಳಗೆ ತನ್ನ ಹಳೆಯ ಸೀರೆಯೊಂದನ್ನು ಮಡಚಿ ಹಾಸಿದಳು.

"ಹೊರಡೋ ದಿನಾ ಹಿಡದು ಒಳಗ ತುರುಕಿದ್ರ ಗಾಬರಿ ಆಗ್ತದ. ಈಗಿಂದನ ಅಲ್ಲೇ ಉಣ್ಣಲಿ, ಅಲ್ಲೇ ಮಲಗಲಿ," ಎಂದು ಮಗಳು ತನ್ವಿಗೆ ಹೇಳಿದಳು.

ರೈಲಿಗೆ ಏನೇನು ಬೇಕೆಂದು ಅವಳು ಆಗಲೇ ವಿಚಾರಿಸಿಕೊಂಡಿದ್ದಳು. ಪಶುವೈದ್ಯರಿಂದ ಆರೋಗ್ಯದ ಪತ್ರ ಬೇಕು, ರೇಬೀಸ್ ಸೂಜಿ ಹಾಕಿಸಿದ ಕಾರ್ಡು ಬೇಕು. ಹೊರಡುವ ನಾಲ್ಕು ತಾಸು ಮೊದಲು ಊಟ ಕೊಡಬಾರದು. ಕೊರಳಪಟ್ಟಿಯ ಮೇಲೆ ಫೋನ್ ನಂಬರು ಬರೆದಿರಬೇಕು. ಇದನ್ನೆಲ್ಲ ಅವಳು ಊಟದ ಹೊತ್ತಿಗೆ ಹೇಳುತ್ತಿದ್ದರೆ ಗಂಡ ಗಿರಿಧರ ತಲೆಯೆತ್ತದೆ ಅನ್ನ ಕಲಸುತ್ತಿದ್ದ.

"ಕಾರ್ಡು ಡಾಕ್ಟರ್ ಹತ್ರನ ಅದ ಅಂದಿದ್ರಲ್ಲ, ಇಸಕೊಂಡು ಬರ್ರಿ," ಎಂದಳು.

"ಹೋದಾಗ ತರೋಣ," ಎಂದ.

ಕಾರ್ಡು ಡಾಕ್ಟರ ಹತ್ತಿರ ಇರಲಿಲ್ಲ. ಅಂಥದೊಂದು ಕಾರ್ಡೇ ಇರಲಿಲ್ಲ.

ಧಾರವಾಡದ ಈ ಸಂಸಾರ ನಾಗಪುರದ ಹತ್ತಿರದ ಕಾಮಠಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಗಿರಿಧರನಿಗೆ ನಾಗಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿ, ರಾಗಿಣಿಗೆ ಕಾಮಠಿಯಲ್ಲೇ ಶಾಲೆ. ಹೋದ ಮಳೆಗಾಲದಲ್ಲಿ ಗಟಾರದ ಹತ್ತಿರ ಸಿಕ್ಕ ಬೂದು ಮರಿಯನ್ನು ತನ್ವಿ ಮನೆಗೆ ತಂದಾಗ ಅದು ಅಂಗೈಯಷ್ಟಿತ್ತು. ಮರಾಠಿ ಗೆಳತಿಯರ ಜೊತೆ ಸೇರಿ ಅವಳೇ ಮನ್ಯಾ ಎಂದು ಹೆಸರಿಟ್ಟಳು. ಮೊದಲ ಎರಡು ಸೂಜಿಗಳನ್ನು ರಾಗಿಣಿಯೇ ಹಾಕಿಸಿದ್ದಳು. ರೇಬೀಸ್ ಸೂಜಿಯ ದಿನ ಮರಿಗೆ ಜ್ವರವಿತ್ತು, ಮುಂದಿನ ತಿಂಗಳು ತನ್ನಿ ಎಂದರು ಡಾಕ್ಟರು. ಆ ತಿಂಗಳು ಧಾರವಾಡದಲ್ಲಿ ತಾಯಿಯ ಕಣ್ಣಿನ ಆಪರೇಶನ್ ಬಂತು. ಕೆಲಸವನ್ನು ಗಂಡನಿಗೆ ಒಪ್ಪಿಸಿ ಅವಳು ಹೋದಳು.

ಗಿರಿಧರ ಪ್ರಯತ್ನವನ್ನೇ ಮಾಡಲಿಲ್ಲವೆಂದಲ್ಲ. ಒಂದು ರವಿವಾರ ಮನ್ಯಾನನ್ನು ಕಾಯಿಪಲ್ಲೆ ಚೀಲಕ್ಕೆ ಹಾಕಲು ಹೋದ. ಅದು ಮುಂಗೈ ಪರಚಿ ಕಪಾಟಿನ ಮೇಲೆ ಹತ್ತಿತು. ಅವನು ಕೈ ತೊಳೆದು, ಚಹಾ ಕುಡಿದು, ಪೇಪರ್ ಓದುತ್ತ ಕುಳಿತ. ಸಂಜೆ ರಾಗಿಣಿಯ ಫೋನ್ ಬಂತು.

"ಸೂಜಿ ಆತೇನ್ರಿ?"

"ಆತು," ಎಂದ.

ಅಷ್ಟೇ. ಮುಂದಿನ ವಾರ ನಿಜವಾಗಿಯೂ ಹಾಕಿಸಿಬಿಟ್ಟರೆ ಸುಳ್ಳೇನೂ ಉಳಿಯುವುದಿಲ್ಲ ಎಂದುಕೊಂಡ. ಆ ವಾರ ಬರಲೇ ಇಲ್ಲ.

ಏಪ್ರಿಲ್ ಮೊದಲ ವಾರ ಹಿತ್ತಲ ಬಾಗಿಲ ಜಾಳಿಗೆ ಹರಿದ ಜಾಗದಿಂದ ಮನ್ಯಾ ಹೊರಗೆ ಹೋಯಿತು. ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಕುಂಟುತ್ತ ಬಂದಾಗ ಹಿಂಗಾಲಿನ ಮೇಲೆ ಹಲ್ಲಿನ ಗುರುತುಗಳಿದ್ದವು. ರಾಗಿಣಿ ಗಾಯ ತೊಳೆದಳು, ಅದೇ ದಿನ ಜಾಳಿಗೆ ಹೊಲಿಸಿದಳು.

"ಪುಣ್ಯಾ, ರೇಬೀಸ್ ಸೂಜಿ ಮೊದಲ ಆಗಿತ್ತು," ಎಂದಳು.

ಗಿರಿಧರ ಅಲ್ಲೇ ನಿಂತಿದ್ದ. ಆಗ ಹೇಳಬಹುದಿತ್ತು. ಬರುವ ರವಿವಾರ ತಾನೇ ಕರೆದೊಯ್ಯುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದು ಮತ್ತೆ ಅಂದುಕೊಂಡ. ಕಚೇರಿಯಲ್ಲಿ ತಪಾಸಣೆ ಬಂತು, ಅದರ ಹಿಂದೆಯೇ ವರ್ಗದ ಆದೇಶ ಬಂತು.

ಮೇ ಎರಡನೆಯ ವಾರ ಮನ್ಯಾ ಬದಲಾಯಿತು. ತನ್ವಿಯ ತೊಡೆಯ ಮೇಲೇ ಇರುತ್ತಿದ್ದ ಬೆಕ್ಕು ಪೆಟ್ಟಿಗೆಯ ಮೂಲೆ ಹಿಡಿದು ಕುಳಿತಿತು. ಕರೆದರೆ ಗುರುಗುಟ್ಟುತ್ತಿತ್ತು. ಹಾಲು ಮುಟ್ಟಲಿಲ್ಲ.

"ಅಮ್ಮ, ಮನ್ಯಾನ್ನ ಬಘ್ ನಾ, ನೋಡಿಲ್ಲೆ, ಅದರ ಆವಾಜ್ ಬ್ಯಾರೆನ ಆಗ್ಯದ," ಎಂದಳು ತನ್ವಿ.

ನಲವತ್ತೈದು ಡಿಗ್ರಿ ಬಿಸಿಲಿಗೆ ಮನುಷ್ಯರೇ ಊಟ ಬಿಟ್ಟಿದ್ದಾರೆ, ಇದಕ್ಕೂ ಅದೇ ಆಗಿರಬೇಕು ಎಂದುಕೊಂಡಳು ರಾಗಿಣಿ. ಹೇಗೂ ಶುಕ್ರವಾರ ಆರೋಗ್ಯದ ಪತ್ರಕ್ಕಾಗಿ ಡಾಕ್ಟರ ಬಳಿ ಹೋಗುವುದಿತ್ತು.

ಗುರುವಾರ ಮಧ್ಯಾಹ್ನ ಗಂಗೂಬಾಯಿ ಪೆಟ್ಟಿಗೆಯೊಳಗಿನ ಸೀರೆ ಒಗೆಯಲೆಂದು ಕೈ ಹಾಕಿದಳು. ಕನ್ಹಾನ್‌ನಿಂದ ದಿನಾ ಬಂದು ಆ ಮನೆಯ ಕೆಲಸ ಮಾಡುತ್ತಿದ್ದವಳು ಅವಳು. ಹನ್ನೊಂದು ವರ್ಷದಲ್ಲಿ ಅವರ ಕನ್ನಡವನ್ನೂ ಅರ್ಧಂಬರ್ಧ ಕಲಿತಿದ್ದಳು. ಮನ್ಯಾ ಅವಳ ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿತು, ಬಿಡಲಿಲ್ಲ. ಅವಳು ಕೈ ಜಾಡಿಸಿದ ಮೇಲೆಯೇ ಬಿಟ್ಟಿತು.

ರಾಗಿಣಿ ಅವಳ ಕೈಯನ್ನು ನಳದ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದಳು.

"ಹೆದರಬ್ಯಾಡ್ರಿ, ಇದಕ್ಕ ಸೂಜಿ ಆಗ್ಯದ. ಆದ್ರೂ ಒಮ್ಮೆ ದವಾಖಾನಿಗೆ ತೋರಸ್ರಿ."

"ಉದ್ಯಾ, ನಾಳಿಗೆ, ನನ್ನ ಭಾಚೀದು, ಅಣ್ಣನ ಮಗಳದು, ಲಗ್ನ ಅದ ಬಾಯಾರ, ರಾಮ್‌ಟೆಕ್ ಕಡೆ. ಸೂಜಿ ಆಗ್ಯದ ಅಂದ್ಮ್ಯಾಲ ಏನದ? ಬಂದು ನೋಡ್ತೀನಿ," ಎಂದು ಗಂಗೂಬಾಯಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಕ್ಕಳು.

ಸಂಜೆ ಮನೆಗೆ ಬಂದ ಗಿರಿಧರನಿಗೆ ರಾಗಿಣಿ ನಡೆದದ್ದು ಹೇಳಿದಳು. ಅವನು ಪೆಟ್ಟಿಗೆಯ ಮುಂದೆ ಕುಳಿತು ನೋಡಿದ. ಮನ್ಯಾನ ಗದ್ದದಿಂದ ಜೊಲ್ಲು ಎಳೆಯಾಗಿ ಇಳಿಯುತ್ತಿತ್ತು. ಅವನಿಗೆ ತಿಳಿಯಿತು. ತಿಳಿದೂ, "ನಾಳೆ ಡಾಕ್ಟರ್ ನೋಡ್ತಾರಲ್ಲ," ಎಂದ. ಒಂದು ಚಪಾತಿ ತಿಂದು ಎದ್ದುಹೋದ.

ಶುಕ್ರವಾರ ಬೆಳಿಗ್ಗೆ ಡಾಕ್ಟರ್ ಬನ್ಸೋಡ್ ಪೆಟ್ಟಿಗೆಯ ಬಾಗಿಲು ತೆರೆಯಲಿಲ್ಲ. ದಪ್ಪ ಕೈಗವಸು ಹಾಕಿಕೊಂಡು, ಟಾರ್ಚ್ ಹಿಡಿದು ಹೊರಗಿನಿಂದಲೇ ನೋಡಿದರು. ಬೆಕ್ಕು ಎದ್ದು ನಿಲ್ಲಲು ಹೋಗಿ ಹಿಂಗಾಲು ಕುಸಿದು ಬಿತ್ತು.

"ರೇಬೀಸ್ ಸೂಜಿ ಯಾವಾಗ ಆಯಿತು?" ಎಂದು ಮರಾಠಿಯಲ್ಲಿ ಕೇಳಿದರು.

"ನವೆಂಬರಿನಲ್ಲಿ. ಇಲ್ಲೇ, ನಿಮ್ಮ ಹತ್ತಿರವೇ."

ಡಾಕ್ಟರು ಕಂಪ್ಯೂಟರಿನಲ್ಲಿ ಹುಡುಕಿದರು. "ಇಲ್ಲಿ ಎರಡೇ ಇವೆ. ರೇಬೀಸ್ ಆಗಿಲ್ಲ."

"ಸರಿಯಾಗಿ ನೋಡಿ. ಇವರೇ ತಂದಿದ್ದರು," ಎಂದು ರಾಗಿಣಿ ಗಂಡನ ಕಡೆ ತಿರುಗಿದಳು.

ಗಿರಿಧರ ಗೋಡೆಗೆ ಒರಗಿ ನಿಂತಿದ್ದ. "ತಂದಿದ್ದಿಲ್ಲ," ಎಂದ. "ನಾ ಸುಳ್ಳು ಹೇಳಿದ್ದೆ."

 ರಾಗಿಣಿ ಪಕ್ಕದ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರಿಗಾದರೂ ಕಚ್ಚಿದೆಯೇ?" ಎಂದರು ಡಾಕ್ಟರು. ಗಂಗೂಬಾಯಿಯ ವಿಷಯ ಕೇಳಿದ್ದೇ ಅವರ ದನಿ ಬದಲಾಯಿತು. "ಮೊದಲು ಅವರನ್ನು ಹುಡುಕಿ. ಇವತ್ತೇ ಇಂಜೆಕ್ಷನ್ ಆಗಬೇಕು. ಗಾಯದ ಸುತ್ತಲೂ ಔಷಧ ಕೊಡಬೇಕಾಗುತ್ತದೆ. ಬೆಕ್ಕಿಗೆ ಸೂಜಿ ಆಗಿದ್ದರೂ ಕಚ್ಚಿಸಿಕೊಂಡವರು ಅದೇ ದಿನ ಹೋಗಬೇಕು, ಮ್ಯಾಡಮ್. ಈ ರೋಗ ಒಮ್ಮೆ ಕಾಣಿಸಿಕೊಂಡರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನೀವು ಮೂವರೂ ಹಾಕಿಸಿಕೊಳ್ಳಿ. ಬೆಕ್ಕು ಇಲ್ಲಿಯೇ ಇರಲಿ."

"ಒಮ್ಮೆ ಮುಟ್ಟಲಾ?" ಎಂದಳು ರಾಗಿಣಿ.

"ಬೇಡ."

ಗಂಗೂಬಾಯಿಯ ಫೋನ್ ಹತ್ತಲಿಲ್ಲ. ಕನ್ಹಾನ್‌ನಲ್ಲಿ ಅವಳ ಮನೆಗೆ ಬೀಗವಿತ್ತು. ಪಕ್ಕದ ಮನೆಯವರು ಲಗ್ನದ ಹಳ್ಳಿಯ ಹೆಸರು ಹೇಳಿದರು. ಗಂಡ ಹೆಂಡತಿ ಕಾರಿನಲ್ಲಿ ಅಲ್ಲಿಗೆ ಹೊರಟರು. ದಾರಿಯಲ್ಲಿ ಒಮ್ಮೆ ರಾಗಿಣಿ, "ನಾನೂ ಅಂದೆ ಆಕಿಗೆ, ಹೆದರಬ್ಯಾಡ್ರಿ ಅಂತ," ಎಂದಳು. ಅದು ಗಂಡನಿಗೆ ಹೇಳಿದ ಮಾತಾಗಿರಲಿಲ್ಲ.

ಚಪ್ಪರದ ಹಿಂದೆ ಹೆಂಗಸರ ನಡುವೆ ಕುಳಿತು ಗಂಗೂಬಾಯಿ ಪೂರಿ ಲಟ್ಟಿಸುತ್ತಿದ್ದಳು. ಬೆರಳಿನ ಬಟ್ಟೆ ಬಿಚ್ಚಿತ್ತು. ಇವರನ್ನು ಕಂಡು ಲಗ್ನಕ್ಕೇ ಬಂದರೆಂದುಕೊಂಡು ಸಂಭ್ರಮದಿಂದ ಎದ್ದಳು. ಗಿರಿಧರ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ. ಸೂಜಿ ಹಾಕಿಸಿರಲಿಲ್ಲ ಎಂದ, ಬೆಕ್ಕಿಗೆ ಹುಚ್ಚು ಹಿಡಿದಿದೆ ಎಂದ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು.

"ನಿನ್ನೆ ಸಂಜೀಕ ನಿಮಗ ಗೊತ್ತಿತ್ತೇನ್ರಿ ಸಾಹೇಬ?"

"ಗೊತ್ತಿತ್ತು."

"ನಿನ್ನೆ ನನ್ನ ಫೋನ್ ಚಾಲೂ ಇತ್ತಲ್ಲ."

 ಅವಳು ಚಪ್ಪಲಿ ಹುಡುಕಲು ಒಳಗೆ ಹೋದಳು. ನಾಗಪುರದ ಸರ್ಕಾರಿ ಆಸ್ಪತ್ರೆಯವರೆಗೂ ರಾಗಿಣಿಯ ಕೈ ಹಿಡಿದುಕೊಂಡೇ ಕುಳಿತಿದ್ದಳು. ಹೆಬ್ಬೆರಳಿನ ಗಾಯದೊಳಗೆ ಸೂಜಿ ಚುಚ್ಚಿದಾಗ ಜೋರಾಗಿ ಕೂಗಿದಳು. ಭಾಚಿಯ ಲಗ್ನದ ಅಕ್ಷತೆ ಅವಳಿಗೆ ಸಿಗಲಿಲ್ಲ.

ಮನ್ಯಾ ರವಿವಾರ ಸತ್ತಿತು. ಮಿದುಳಿನ ಪರೀಕ್ಷೆಯ ಉತ್ತರ ಬಂದಾಗ ಅನುಮಾನವೇನೂ ಉಳಿಯಲಿಲ್ಲ. ತನ್ವಿಗೆ ಎಲ್ಲವನ್ನೂ ರಾಗಿಣಿಯೇ ಹೇಳಿದಳು, ಏನನ್ನೂ ಮುಚ್ಚಿಡದೆ. ಹುಡುಗಿ ಕೇಳಿ ಮುಗಿಸಿ, ತಂದೆಯ ಕೋಣೆಯ ಬಾಗಿಲಲ್ಲಿ ನಿಂತು, "ಪಪ್ಪಾ, ನನಗ ಹೇಳಿದ್ರ ನಾನ ಒಯ್ತಿದ್ದೆ," ಎಂದಳು. 

ಮನೆಯ ಮೂವರೂ ಸೂಜಿ ಹಾಕಿಸಿಕೊಂಡರು. ಗಿರಿಧರ ಒಬ್ಬನೇ ಭೋಪಾಲಕ್ಕೆ ಹೋದ. ಗಂಗೂಬಾಯಿಯ ಐದೂ ಸೂಜಿ ಮುಗಿಯುವ ತನಕ ರಾಗಿಣಿ ಹೊರಡಲಿಲ್ಲ. ಹೇಳಿದ ತಾರೀಖಿಗೆ ಬರೋಬರ್ ಕನ್ಹಾನ್‌ಗೆ ಹೋಗಿ ಅವಳನ್ನು ಕರೆದೊಯ್ದಳು. ಕೊನೆಯ ಸೂಜಿಯ ದಿನ ಆಸ್ಪತ್ರೆಯ ವರಾಂಡದಲ್ಲಿ ಗಂಗೂಬಾಯಿ ಬಾಟಲಿ ಬಾಯಿಗಿಟ್ಟು ಒಂದು ಗುಟುಕು ನೀರು ಕುಡಿದು ತಡೆದಳು, ಗಂಟಲು ಮುಟ್ಟಿ ನೋಡಿಕೊಂಡಳು, ಮತ್ತೊಂದು ಗುಟುಕು ಕುಡಿದಳು.

"ಡಾಕ್ಟರ್ ಅಂದ್ರಲ್ಲ, ಇನ್ನ ಭೀತಿ ಇಲ್ಲಂತ," ಎಂದಳು ರಾಗಿಣಿ.

"ಅಂದ್ರು. ನನಗ ಸಮಝ್ತದ. ಆದ್ರ ಈ ರೋಗ ಹತ್ತಿದವರಿಗೆ ನೀರು ಇಳಿಯೂದಿಲ್ಲಂತಲ್ಲ, ನೀರು ನೋಡಿದ್ರ ಸಾಕು, ಇವತ್ತು ಇಳೀತದೋ ಇಲ್ಲೋ ಅಂತ ಅನಸ್ತದ, ಬಾಯಾರ. ದಿನಾ ಅನಸ್ತದ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ."

ಸಾಹೇಬರ ಬಗ್ಗೆ ಅವಳೇನೂ ಹೇಳಲಿಲ್ಲ. ಮರುದಿನದಿಂದ ಬೇರೊಂದು ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಬೆಕ್ಕು ನಾಯಿ ಇಲ್ಲದ ಮನೆಯೇ ಬೇಕೆಂದು ಕೇಳಿ ಹುಡುಕಿಕೊಂಡಿದ್ದಳು.

ಭೋಪಾಲದಿಂದ ರಾಗಿಣಿ ಪ್ರತಿ ತಿಂಗಳೂ ಗಂಗೂಬಾಯಿಗೆ ಫೋನ್ ಮಾಡುತ್ತಾಳೆ. ಅವಳು ಆರಾಮಾಗಿದ್ದಾಳೆ. ಭಾಚಿಗೆ ದಿನ ತುಂಬುತ್ತಿವೆ, ಕನ್ಹಾನ್‌ನ ನಳಕ್ಕೆ ಎರಡು ದಿನಕ್ಕೊಮ್ಮೆ ನೀರು ಬರುತ್ತದೆ, ಇಂಥವನ್ನೇ ಮಾತಾಡುತ್ತಾರೆ. ಆ ಹೊತ್ತಿಗೆ ಗಿರಿಧರ ಟೀವಿಯ ಸದ್ದು ತಗ್ಗಿಸಿ ಕುಳಿತಿರುತ್ತಾನೆ. ತನಗೆ ಫೋನ್ ಕೊಡು ಎಂದು ಅವನು ಕೇಳಿಲ್ಲ, ರಾಗಿಣಿಯೂ ಕೊಟ್ಟಿಲ್ಲ.