ಡಬ್ಬದಕ್ಕನ ಬಹಿಷ್ಕಾರ

ಮುಚ್ಚಿದ್ದು ಏನೇ ಕಣ್ಣಿಗೆ ಬಿದ್ದರೂ ಡಬ್ಬದಕ್ಕ ಮೊದಲು ನಡುಬೆರಳಿನ ಗೆಣ್ಣಿನಿಂದ ಅದರ ನೆತ್ತಿಗೊಮ್ಮೆ ಬಡಿದು, ತಲೆ ವಾಲಿಸಿ, ಒಳಗಿನ ಸದ್ದು ಕೇಳುತ್ತಿದ್ದಳು. ಅಂಗಡಿಯ ಹಾಲಿನಪುಡಿ ಡಬ್ಬಿ, ಆಸ್ಪತ್ರೆಯ ಬಾಗಿಲು, ಯೂನಿಯನ್ ಆಫೀಸಿನ ಬೀರು, ಯಾವುದನ್ನೂ ಬಿಟ್ಟವಳಲ್ಲ. ಹತ್ತೊಂಬತ್ತು ವರ್ಷ ಬೆಕ್ಕುನಾಯಿಗಳ ಆಹಾರ ತುಂಬುವ ಕಾರ್ಖಾನೆಯ ನಾಲ್ಕನೇ ಸಾಲಿನಲ್ಲಿ ನಿಂತು, ಎದುರು ಸಾಗುವ ಡಬ್ಬಗಳ ಮುಚ್ಚಳವನ್ನು ಸಣ್ಣ ಕಬ್ಬಿಣದ ಕಡ್ಡಿಯಿಂದ ತಟ್ಟಿ, ಟಣ್ ಎಂದರೆ ಮುಂದಕ್ಕೆ, ಬೊದ್ ಎಂದರೆ ಪಕ್ಕಕ್ಕೆ ತಳ್ಳಿದವಳಿಗೆ ಅಂಟಿದ ಚಾಳಿ ಅದು. ಗಾಳಿ ಹೊಕ್ಕ ಒಂದು ಡಬ್ಬವೂ ಅವಳ ಕಿವಿ ತಪ್ಪಿಸಿ ಹೋದದ್ದಿಲ್ಲವೆಂದು ಅವಳನ್ನು ಕೆಲಸದಿಂದ ಕಿತ್ತೆಸೆದ ಸೂಪರ್‌ವೈಸರನೇ ಒಪ್ಪಿಕೊಂಡಿದ್ದ.

ಕಿತ್ತೆಸೆದದ್ದು ನಮ್ಮೆಲ್ಲರನ್ನೂ. ದಿನವಿಡೀ ನಿಂತು ಕಾಲು ಬಾತುಕೊಳ್ಳುವ ಹೆಂಗಸರಿಗೆ ಕೂರಲು ಸ್ಟೂಲು ಕೊಡಿ ಎಂದು ಕೇಳಿದ್ದಕ್ಕೆ ಗೇಟಿಗೆ ಬೀಗ ಜಡಿದರು; ನೂರ ಅರವತ್ತು ಜನ ಬೀದಿಗೆ ಬಿದ್ದೆವು. ಆ ದಿನ ಖಾಲಿ ಡ್ರಮ್ಮಿನ ಮೇಲೆ ಹತ್ತಿ, ಬೆಕ್ಕಿನ ಡಬ್ಬದಿಂದ ಬಿಸ್ಕತ್ತಿನವರೆಗೆ ಈ ಕಂಪನಿಯ ಯಾವ ಮಾಲೂ ಇನ್ನು ನಮ್ಮ ಹೊಸಿಲು ದಾಟಕೂಡದೆಂಬ ನಿರ್ಣಯವನ್ನು ಗಂಟಲು ಹರಿಯುವಂತೆ ಓದಿದವನು ನಾನೇ. ಎಲ್ಲರೂ ಕೈ ಎತ್ತಿದರು. ಡಬ್ಬದಕ್ಕ ಎತ್ತಿದ ಕೈ ಇಳಿಸಲಿಲ್ಲ, ಅಷ್ಟೇ ವ್ಯತ್ಯಾಸ.

ಇಪ್ಪತ್ತೆರಡು ವರ್ಷಗಳಾದ ಮೇಲೂ ಆ ಕಾರ್ಖಾನೆಯ ನೀಲಿ ಕೋಟನ್ನೇ ತೊಡುತ್ತಿದ್ದಳು. ಜೇಬಿನ ಮೇಲಿನ ಕಂಪನಿಯ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದಳು. ಊಟವನ್ನೂ ನಿಂತೇ ಮಾಡುತ್ತಿದ್ದಳು. ಒಂಟಿ ಕೋಣೆಯಲ್ಲಿ ಅವಳ ಜೊತೆಗಿದ್ದದ್ದು ಒಂದು ದಢೂತಿ ಗಂಡು ಬೆಕ್ಕು. ಅದಕ್ಕೆ ಸೂಪರ್‌ವೈಸರ್ ಎಂದೇ ಹೆಸರಿಟ್ಟಿದ್ದಳು, ದಿನಾ ಬೆಳಗಾಗೆದ್ದು ಬೈಯಲು ಅನುಕೂಲವೆಂದು. ಬೈದಾದ ಮೇಲೆ ಅದನ್ನು ತೊಡೆಯೇರಿಸಿಕೊಂಡು ಕಿವಿಯ ಹಿಂದೆ ಕೆರೆಯುವಾಗ ಮಾತ್ರ ಅವಳು ಕೂತದ್ದನ್ನು ನಾನು ಕಂಡಿದ್ದೇನೆ.

ಆ ಬೆಕ್ಕಿಗೆ ಮೂತ್ರ ಕಟ್ಟಿತು. ಮರಳಿನ ತಟ್ಟೆಯಲ್ಲಿ ಕೂತು ಮುಕ್ಕರಿಯುವುದು, ಒಂದು ಹನಿಗಾಗಿ ಅರಚುವುದು. ಬುಟ್ಟಿಯಲ್ಲಿ ಹೊತ್ತುಕೊಂಡು ಇಬ್ಬರೂ ಪಶುವೈದ್ಯೆಯ ಬಳಿ ಓಡಿದೆವು. ಆಕೆ ನಳಿಕೆ ತೂರಿಸಿ ಮೂತ್ರ ತೆಗೆದು, ಮೂರು ದಿನ ಅಲ್ಲೇ ಇರಿಸಿಕೊಂಡು, ಕೊನೆಗೆ ಬಿಡಿಸಿ ಹೇಳಿದಳು: ಮೂತ್ರದಲ್ಲಿ ಮರಳಿನಂಥ ಹರಳು ಕಟ್ಟಿದೆ, ಗಂಡು ಬೆಕ್ಕಿನ ದಾರಿ ದಾರದಷ್ಟು ಸಣ್ಣದು, ಒಣ ಆಹಾರ ಬೇಡವೇ ಬೇಡ, ನೀರಿನಂಶ ಹೆಚ್ಚಿರುವ, ಹರಳು ಕರಗಿಸುವ ಡಬ್ಬದ ಆಹಾರವನ್ನೇ ಕೊಡಬೇಕು. ಚೀಟಿಯಲ್ಲಿ ಬರೆದದ್ದು, ನಮ್ಮ ಜಾಗಕ್ಕೆ ಹೊಸಬರನ್ನಿಟ್ಟು ನಡೆಸುತ್ತಿದ್ದ ಅದೇ ಕಾರ್ಖಾನೆಯ ನಾಲ್ಕನೇ ಸಾಲಿನ ಡಬ್ಬ.

"ಬೇರೆ ಕಂಪನಿದು ಇಲ್ವಾ ಡಾಕ್ಟ್ರಮ್ಮ?"

"ಹರಳು ಕರಗಿಸೋದು ಈ ಊರಲ್ಲಿ ಸಿಗೋದು ಇದೊಂದೇ. ಬೆಕ್ಕಿಗೇನು ಕಂಪನಿ ಗೊತ್ತಾಗುತ್ತಾ?"

"ನಂಗೆ ಗೊತ್ತಾಗುತ್ತಲ್ಲ."

ಅಂಗಡಿಯಲ್ಲಿ ಆ ಡಬ್ಬವನ್ನು ಕೈಗೆತ್ತಿಕೊಂಡಳು. ಗೆಣ್ಣಿನಿಂದ ಬಡಿದಳು. ಟಣ್ ಎಂದಿತು. ಸೀಲೇನೋ ಗಟ್ಟಿಯಾಗೇ ಇದೆ ಎಂದು ಗೊಣಗಿ, ಇದ್ದಲ್ಲೇ ಇಟ್ಟು, ಪಕ್ಕದ ಸಾಲಿನಿಂದ ಬೇರೊಂದು ಕಂಪನಿಯ ಒಣ ಆಹಾರದ ಚೀಲ ಎಳೆದುಕೊಂಡಳು. ಮೂತ್ರಕೋಶದ ಆರೋಗ್ಯಕ್ಕೆ ಎಂದು ಅದರ ಮೇಲೆ ದಪ್ಪಕ್ಷರದಲ್ಲಿತ್ತು. ನೆನೆಸಿ ಹಾಕಿದರಾಯಿತು ಎಂದಳು. ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಆದರೆ ನನ್ನ ಕೈಚೀಲದಲ್ಲಿ ನಾವು ಬಹಿಷ್ಕರಿಸಿದ ಕಂಪನಿಯದೇ ಬಿಸ್ಕತ್ತಿನ ಪೊಟ್ಟಣವಿತ್ತು. ಬಾಯಿ ಮುಚ್ಚಿಕೊಂಡು ಕೈಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ.

ನೆನೆಸಿದ್ದನ್ನು ಸೂಪರ್‌ವೈಸರ್ ಮೂಸಿಯೂ ನೋಡಲಿಲ್ಲ. ಎರಡು ದಿನ ಉಪವಾಸ ಕೆಡವಿದ ಮೇಲೆ ಅವಳು ಸೋತು ನೆನೆಸದೆ ಒಣದನ್ನೇ ಹಾಕಿದಳು, ಅದು ಕಟಕಟ ತಿಂದಿತು. ಹತ್ತನೆಯ ಬೆಳಗ್ಗೆ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಪಶುವೈದ್ಯೆ ಮತ್ತೆ ನಳಿಕೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಆ ತಣ್ಣನೆಯ ಸ್ಟೀಲಿನ ಮೇಜಿನ ಮೇಲೆಯೇ ಪ್ರಾಣ ಹೋಯಿತು.

ಮರುದಿನ ಹೋದೆ. ನಲ್ಲಿಯ ಕೆಳಗೆ ಮರಳಿನ ತಟ್ಟೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಸಮಾಧಾನ ಮಾಡುವ ವಿದ್ಯೆ ನನಗೆ ಒಲಿದದ್ದಲ್ಲ. ಘೋಷಣೆ ಕೂಗಿದ ಬಾಯಿ ಇದು. ಆ ನಿರ್ಣಯವನ್ನು ತಲೆಗೆ ಹಚ್ಚಿಕೊಳ್ಳಬೇಡಕ್ಕ, ಅದನ್ನು ಈಗ ಯಾರೂ ಪಾಲಿಸುತ್ತಿಲ್ಲ, ನಾನೂ ಬಿಟ್ಟಿದ್ದೇನೆ, ಎಂದುಬಿಟ್ಟೆ.

ನಲ್ಲಿ ನಿಲ್ಲಿಸಿದಳು. "ಯಾವಾಗಿಂದ?"

"ಮೊದಲ್ನೇ ವರ್ಷದಿಂದ."

ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟು, ಕೈಯನ್ನು ಕೋಟಿಗೆ ಒರೆಸಿಕೊಂಡಳು. "ಇದನ್ನ ಆವತ್ತು ಅಂಗಡೀಲಿ ಹೇಳ್ಬೇಕಿತ್ತು ಕಣೋ ತಮ್ಮ. ಬೆಕ್ಕು ಉಳೀತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಡಬ್ಬದಕ್ಕ ಮಾಡಿದ್ದು ಸರಿ ಎನ್ನಲಾರೆ. ಆ ಮೂಕಪ್ರಾಣಿ ಯಾವ ನಿರ್ಣಯಕ್ಕೂ ಕೈ ಎತ್ತಿರಲಿಲ್ಲ. ಬೀಗ ಬಿದ್ದ ದಿನದ ನೆನಪಿಗೆ ಪ್ರತಿವರ್ಷದಂತೆ ಈ ವರ್ಷವೂ ಗೇಟಿನೆದುರು ಸೇರಿದಾಗ ಅವಳು ಬಂದಳು, ಅದೇ ನೀಲಿ ಕೋಟು, ಎರಡೂ ಕೈ ಜೇಬಿನಲ್ಲಿ. ನಾನು ಭಾಷಣ ಮಾಡಿದೆ. ಕೈ ಎತ್ತಿ ಎಂದಾಗ ಎಲ್ಲರೂ ಎತ್ತಿದರು. ಅವಳ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಚಳವಳಿ ಎಂದಮೇಲೆ ನಿರ್ಣಯ ಬರೆಯುವವರಿಗೆ, ಚಪ್ಪಾಳೆ ತಟ್ಟುವವರಿಗೆ ಎಂದೂ ಬರವಿಲ್ಲ; ಅದನ್ನು ಮನೆಗೆ ಒಯ್ದು ಬದುಕುವವರು ಒಬ್ಬರೋ ಇಬ್ಬರೋ. ಅವರ ಬೆನ್ನ ಮೇಲೆ ನಮ್ಮ ಮಾನ ನಿಂತಿರುತ್ತದೆ, ಅವರ ಹಟದ ಅಡಿಗೆ ಬಿದ್ದು ಪಕ್ಕದ ಜೀವ ನಲುಗುತ್ತದೆ. ಲೋಕದಲ್ಲಿ ಮುಚ್ಚಿದ್ದನ್ನೆಲ್ಲ ಬಡಿದು ನೋಡುವ ಇಂಥವರು, ತಮ್ಮ ಜೊತೆ ಕೈ ಎತ್ತಿದವರನ್ನು ಮಾತ್ರ ಬಡಿದು ನೋಡುವುದಿಲ್ಲ.