ಕೆಳಗಿನ ಹಲಗೆ

ಕೌದಿಗಳನ್ನು ತೂಗುಹಾಕಿದ್ದ ಸಾಲಿನ ಆಚೆ ತುದಿಯಲ್ಲಿ ಕೊರಿನ್‌ಳ ಬೆಳ್ಳಗಿನ ತಲೆ ಕಂಡೊಡನೆ ಡೆಲ್ಮರ್‌ನ ಎದೆ ಧಸಕ್ಕೆಂದಿತು. ಬರುವುದಿಲ್ಲ ಎಂದಿದ್ದಳಲ್ಲ ಇವಳು! ಗಂಡ ಹೋದ ಮೇಲಿನ ಮೊದಲ ಬೇಸಿಗೆ, ಮೇಳಕ್ಕೆ ಹೋದರೆ ಸಿಕ್ಕವರೆಲ್ಲ ಕೈ ಹಿಡಿದುಕೊಂಡು ಮುಖ ಸಣ್ಣಗೆ ಮಾಡುತ್ತಾರೆ, ಅದೆಲ್ಲ ಬೇಡ ಎಂದು ಅವಳೇ ಹೇಳಿದ್ದಳು. ಆ ಮಾತನ್ನು ನಂಬಿಕೊಂಡೇ ಡೆಲ್ಮರ್ ಇಷ್ಟೆಲ್ಲ ಮಾಡಿದ್ದು. ಈಗ ನೋಡಿದರೆ ಅವನ ಹೆಂಡತಿ ಫರ್ನ್, ಏನೋ ಪುಣ್ಯದ ಕೆಲಸ ಮಾಡುತ್ತಿರುವವಳ ಹಾಗೆ, ಎದುರು ಮನೆಯ ಕೊರಿನ್‌ಳ ತೋಳು ಹಿಡಿದು ಒಂದೊಂದೇ ಕೌದಿ ತೋರಿಸುತ್ತ ಈ ಕಡೆಗೇ ಬರುತ್ತಿದ್ದಳು.

ಡೆಲ್ಮರ್ ಪಕ್ಕಕ್ಕೆ ಸರಿದು, ಹಿಂದಿನ ಗೋಡೆಯ ಮೇಲಿದ್ದುದಕ್ಕೆ ತನ್ನ ಬೆನ್ನನ್ನು ಅಡ್ಡ ಕೊಟ್ಟು ನಿಂತ. ಆದರೆ ದೇವರು ಅವನಿಗೆ ಅಷ್ಟಗಲದ ಬೆನ್ನು ಕೊಟ್ಟಿರಲಿಲ್ಲ. ಅವನ ಎಡ ಭುಜದಾಚೆ ಒಂದು ಮರದ ಕಿವಿ, ಬಲ ಭುಜದಾಚೆ ನೇರಳೆ ಬಣ್ಣದ ರಿಬ್ಬನ್ನು ಎದ್ದು ಕಾಣುತ್ತಿದ್ದವು. ಮೇಳದ ಮರಗೆಲಸದಲ್ಲೆಲ್ಲ ಅತ್ಯುತ್ತಮವಾದದ್ದಕ್ಕೆ ಕಟ್ಟುವ ರಿಬ್ಬನ್ನು ಅದು. ಹತ್ತು ವರ್ಷ ಕಾದರೂ ಅವನು ಮರದಲ್ಲಿ ಕೊಯ್ದ ಯಾವ ಹದ್ದಿಗೂ ಜಿಂಕೆಗೂ ಅದು ಸಿಕ್ಕಿರಲಿಲ್ಲ.

"ಏನಯ್ಯಾ, ಕಾವಲು ಕಾಯ್ತಿದ್ದೀಯಾ? ಯಾರೂ ಕದ್ಕೊಂಡು ಹೋಗಲ್ಲ, ಸರಿ ಆ ಕಡೆ, ಜನ ನೋಡ್ಲಿ" ಎಂದ ಗೇಲಾರ್ಡ್. ಮರಗೆಲಸದ ಕ್ಲಬ್ಬಿನ ಅಧ್ಯಕ್ಷ, ದೊಡ್ಡ ಹೊಟ್ಟೆಯ, ದೊಡ್ಡ ಗಂಟಲಿನ ಮನುಷ್ಯ.

"ಗೇಲಾರ್ಡ್, ಇದನ್ನ ಈಗಲೇ ಇಳಿಸಿಬಿಡೋಣ."

"ತಲೆಗಿಲೆ ಕೆಟ್ಟಿದೆಯಾ? ಭಾನುವಾರ ಸಂಜೆವರೆಗೂ ಯಾರೂ ಮೊಳೆ ಮುಟ್ಟೋ ಹಾಗಿಲ್ಲ. ಆ ನಿಯಮ ಬರೆದೋನೇ ನೀನು, ಮಾರಾಯ!"

ಅದೂ ನಿಜವೇ. ಡೆಲ್ಮರ್ ನಿಯಮದ ಮನುಷ್ಯ. ಹಾಲಿನ ಲಾರಿ ಓಡಿಸುತ್ತಿದ್ದಾಗ ಹಿಮ ಬಿದ್ದ ಬೆಳಗ್ಗೆಯೂ ಯಾವ ಕೊಟ್ಟಿಗೆಗೂ ತಡವಾಗಿ ಹೋದವನಲ್ಲ. ನಿವೃತ್ತನಾದ ಮೇಲೆ ಆ ಶಿಸ್ತನ್ನೆಲ್ಲ ಗ್ಯಾರೇಜಿನಲ್ಲಿದ್ದ ಗರಗಸದ ಯಂತ್ರಕ್ಕೆ ಸುರಿದಿದ್ದ. ನೂಲಿನಷ್ಟು ಸಣ್ಣ ಅಲಗು ಮೇಲೆ ಕೆಳಗೆ ಕುಣಿಯುವ ಪುಟ್ಟ ಯಂತ್ರ. ಅದರಲ್ಲಿ ತೆಳುವಾದ ಬರ್ಚ್ ಮರದ ಹಲಗೆಯನ್ನು ಹೇಗೆ ಬೇಕಾದರೂ ತಿರುಗಿಸಿ ಕೊಯ್ಯಬಹುದು. ಮೊದಲು ಬೇರೆಯವರ ನಕ್ಷೆ ತರಿಸಿಕೊಂಡು ಕೊಯ್ಯುತ್ತಿದ್ದವನು, ಆಮೇಲೆ ತಾನೇ ಬರೆಯಲು ಕಲಿತ. ಮುಖ ಬರೆಯುವುದು ಎಲ್ಲಕ್ಕಿಂತ ಕಷ್ಟ. ಫೋಟೋದ ಮೇಲೆ ತೆಳು ಹಾಳೆ ಇಟ್ಟು, ನೆರಳೆಲ್ಲಿ ಬೆಳಕೆಲ್ಲಿ ಎಂದು ಗೆರೆ ಎಳೆಯಬೇಕು. ನೆರಳೆಲ್ಲ ಮರದಲ್ಲಿ ತೂತಾಗುತ್ತದೆ, ಬೆಳಕು ಉಳಿಯುತ್ತದೆ. ಉಳಿದದ್ದೆಲ್ಲ ಎಲ್ಲಾದರೂ ಒಂದು ಕಡೆ ಒಂದಕ್ಕೊಂದು ಅಂಟಿಕೊಂಡಿರಲೇಬೇಕು, ಇಲ್ಲವಾದರೆ ಕಣ್ಣೋ ಮೂಗೋ ಕಳಚಿ ನೆಲಕ್ಕೆ ಬೀಳುತ್ತದೆ. ಮೂಗು ಕಳಕೊಂಡ ಎಷ್ಟೋ ಮಹನೀಯರು ಅವನ ಒಲೆ ಸೇರಿದ್ದರು.

ಏಪ್ರಿಲ್‌ನಲ್ಲಿ ಕೊರಿನ್ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಒಂದು ಫೋಟೋ. ಅದನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಡೆಲ್ಮರ್, ಇದನ್ನ ನಾನು ಯಾರಿಗೂ ತೋರ್ಸಿಲ್ಲ. ನಗಬೇಡ."

ಅವಳ ಗಂಡ ಆರ್ವಿಡ್‌ನ ಫೋಟೋ. ಚರ್ಚಿನ ಗಾಯಕವೃಂದವನ್ನು ಮೂವತ್ತು ವರ್ಷ ನಡೆಸಿದ ಆರ್ವಿಡ್, ಹುಲ್ಲು ಕತ್ತರಿಸುವಾಗಲೂ ಅಂಗಿಯ ಮೇಲಿನ ಗುಂಡಿ ಬಿಚ್ಚದ ಆರ್ವಿಡ್, ತಿಂಡಿಯ ಮೇಜಿನ ಮುಂದೆ ಬನಿಯನ್ನಿನಲ್ಲಿ ಕೂತು, ಬೊಚ್ಚು ಬಾಯಿ ಅಗಲವಾಗಿ ತೆರೆದು ನಗುತ್ತಿದ್ದ. ಅವನದು ಕಟ್ಟಿಸಿದ ಹಲ್ಲು ಎಂಬುದೇ ಡೆಲ್ಮರ್‌ಗೆ ಗೊತ್ತಿರಲಿಲ್ಲ.

"ಮದುವೆಯಾಗಿ ಎಷ್ಟೋ ವರ್ಷ ನನಗೂ ತೋರ್ಸಿರಲಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಂಡೇ ಹಲ್ಲು ತೆಗೀತಿದ್ದ. ಕೊನೇ ಚಳಿಗಾಲದಲ್ಲಿ ಮಾತ್ರ, ಕಾಯಿಲೆ ಜಾಸ್ತಿಯಾದ ಮೇಲೆ, ಹೋಗ್ಲಿ ಬಿಡು ಅಂದ. ಏನು ಹೇಳಿ ನಗಿಸಿದೆನೋ ನೆನಪಿಲ್ಲ ನೋಡು" ಎಂದಳು ಕೊರಿನ್. ಆಮೇಲೆ ದನಿ ಗಟ್ಟಿ ಮಾಡಿಕೊಂಡಳು. "ಚರ್ಚಿನಲ್ಲಿ ತೂಗುಹಾಕಿರೋ ಫೋಟೋದೋನು ಊರಿನೋನು. ಇವನು ನನ್ನೋನು. ನನ್ನ ಹಾಸಿಗೆ ಪಕ್ಕದಲ್ಲಿಟ್ಕೊಳ್ಳೋಕೆ ಮರದಲ್ಲಿ ಮಾಡ್ಕೊಡು. ಊರಿಗೆ ತೋರ್ಸೋಕಲ್ಲ. ತಿಳೀತಾ?"

"ತಿಳೀತು."

"ಫರ್ನ್‌ಗೂ ಬೇಡ."

"ಫರ್ನ್‌ಗೂ ಇಲ್ಲ."

ಅಂದಾಗ ಅವನು ಸುಳ್ಳು ಹೇಳಿರಲಿಲ್ಲ. ತೊಂದರೆ ಶುರುವಾದದ್ದು ನಕ್ಷೆ ಬರೆಯುವಾಗ. ಆ ನಗು ಒಂದೇ ಗೆರೆಯಲ್ಲಿ ಬಂದುಬಿಟ್ಟಿತು. ಒಳಕ್ಕೆ ಮಡಚಿಕೊಂಡ ತುಟಿಯಿಂದ ಹೊರಟ ಗೆರೆ ಕೆನ್ನೆ ಸುತ್ತಿ ಕಣ್ಣಿನ ಸುಕ್ಕಿನವರೆಗೆ ಎಲ್ಲೂ ತಡವರಿಸದೆ ಹೋಯಿತು. ಅದನ್ನು ನೋಡಿ ಡೆಲ್ಮರ್ ಒಬ್ಬನೇ ಗ್ಯಾರೇಜಿನಲ್ಲಿ ನಕ್ಕ. ನೋಡಿದವರೆಲ್ಲ ನಗಲೇಬೇಕು, ಅಂಥ ನಗು. ಇಷ್ಟು ಚೆನ್ನಾದದ್ದನ್ನು ತನ್ನ ಕೈ ಹಿಂದೆ ಮಾಡಿರಲಿಲ್ಲ, ಮುಂದೆ ಮಾಡುವುದೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಇದನ್ನು ಒಬ್ಬ ವಿಧವೆಯ ಮಲಗುವ ಕೋಣೆಯಲ್ಲಿ ಮುಚ್ಚಿಡಲು ಅವನಿಗೆ ಮನಸ್ಸು ಬರಲಿಲ್ಲ.

ಕೊಯ್ಯುವ ದಿನ ಒಂದರ ಬದಲು ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಟೇಪು ಸುತ್ತಿದ. ಒಂದು ಹಾಳಾದರೆ ಇನ್ನೊಂದಿರಲಿ ಎಂದು ತನಗೇ ಹೇಳಿಕೊಂಡ. ಅಲಗು ಜಾರಿದರೆ ಎರಡೂ ಒಟ್ಟಿಗೇ ಹಾಳಾಗುತ್ತವೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದನ್ನು ಕೊರಿನ್‌ಗೆ ಕೊಟ್ಟ. ಇನ್ನೊಂದನ್ನು ಬೀರುವಿನಲ್ಲಿಟ್ಟು ಮೇಲೆ ಟವೆಲು ಮುಚ್ಚಿದ. ಆಗಸ್ಟ್ ಬಂದಾಗ ಮೇಳಕ್ಕೆ ಹದ್ದು ಕಳಿಸುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿ, ಪಕ್ಕದ ಕೌಂಟಿಯ ಮೇಳ ತಾನೇ, ಆರ್ವಿಡ್‌ನ ಹೆಸರೇನೂ ಹಾಕಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು, 'ಬೆಳಗಿನ ನಗು' ಎಂದಷ್ಟೇ ಚೀಟಿ ಅಂಟಿಸಿ ತಂದುಕೊಟ್ಟಿದ್ದ.

"ಅಗೋ ನಮ್ಮ ಯಜಮಾನ್ರು!" ಎಂದು ಫರ್ನ್ ಕೌದಿಗಳ ಸಾಲಿನಿಂದಲೇ ಕೈಬೀಸಿದಳು. "ಬಾ ಕೊರಿನ್, ಇವರ ಹದ್ದು ನೋಡು. ಇಡೀ ಬೇಸಿಗೆ ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಟ್ಟಿದ್ದಾರೆ."

ಡೆಲ್ಮರ್ ಅಲುಗಲಿಲ್ಲ. ಗೇಲಾರ್ಡ್ ಅವನ ಭುಜ ಹಿಡಿದು, ಕುರ್ಚಿ ಸರಿಸಿದಷ್ಟು ಸಲೀಸಾಗಿ ಪಕ್ಕಕ್ಕೆ ಸರಿಸಿದ.

ಫರ್ನ್ ಹತ್ತಿರ ಬಂದು ಬಗ್ಗಿ ನೋಡಿದಳು. "ಡೆಲ್ಮರ್, ಇದು ಹದ್ದಲ್ಲವಲ್ಲ" ಎಂದಳು.

"ಹದ್ದೆಲ್ಲ ಯಾರಿಗೆ ಬೇಕಮ್ಮಾ!" ಗೇಲಾರ್ಡ್‌ಗೆ ಹೊಸ ಕೇಳುಗರು ಸಿಕ್ಕಿದ ಹುರುಪು. "ಬೆಳಿಗ್ಗೆಯಿಂದ ನೋಡ್ತಿದೀನಿ, ಇದರ ಮುಂದೆ ನಿಂತೋರೆಲ್ಲ ನಕ್ಕೇ ಮುಂದಕ್ಕೆ ಹೋಗ್ತಾರೆ. ಅಂಚು ನೋಡಿ, ಬೆಣ್ಣೆ! ಇದು ಮೇಲಿನ ಹಲಗೆ, ನೋಡಿದ್ರೇ ಗೊತ್ತಾಗುತ್ತೆ. ಎರಡು ಜೋಡಿಸಿ ಕೊಯ್ತೀವಲ್ಲ, ನಾವೆಲ್ಲ ಅಷ್ಟೇ, ಚೆನ್ನಾಗಿ ಬಂದಿರೋ ಮೇಲಿನ ಹಲಗೇನ ಇಲ್ಲಿಗೆ ತರ್ತೀವಿ. ಹಿಂಬದೀಲಿ ಸಿಬಿರಿನ ಜುಂಗು ಎದ್ದಿರೋ ಕೆಳಗಿನದನ್ನ ಕ್ರಿಸ್‌ಮಸ್‌ಗೆ ನೆಂಟರಿಗೆ ಕೊಟ್ಟು ಕೈ ತೊಳ್ಕೋತೀವಿ. ಅಲ್ವೇನೋ ಡೆಲ್ಮರ್? ಇದರ ಜೋಡೀನ ಯಾರ ತಲೆಗೆ ಕಟ್ಟಿದೆ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಡೆಲ್ಮರ್‌ಗೆ. ಕೊರಿನ್ ಅವನ ಕಡೆ ನೋಡಲಿಲ್ಲ. ಅವಳು ಮರದ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ, ಕರಿದ ಚೀಸಿನ ಪೊಟ್ಟಣ ಹಿಡಿದುಕೊಂಡ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ಇದು ಗಾಯನದ ಆರ್ವಿಡ್ ಅಲ್ವಾ? ನಮ್ಮ ಚರ್ಚಿಗೆ ಬರ್ತಿದ್ರು. ದೇವರೇ, ಒಂದು ಹಲ್ಲೂ ಇಲ್ಲವಲ್ಲ!" ಎಂದು ನಕ್ಕಳು. ಕೇಡಿನ ನಗುವಲ್ಲ ಅದು. ಹಿಂದೆ ನಿಂತಿದ್ದವರೂ ಇಣುಕಿ ನಕ್ಕರು.

ಕೊರಿನ್ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಹೌದು, ನಮ್ಮ ಆರ್ವಿಡ್ಡೇ" ಎಂದಳು. "ಬೆಳಿಗ್ಗೆ ಹೊತ್ತು ಹಾಗಿರ್ತಿದ್ದ." ಆಮೇಲೆ ಫರ್ನ್ ಕಡೆ ತಿರುಗಿ, "ಆ ಕೊನೇ ಸಾಲಿನ ಕೌದಿ ನೋಡಿಲ್ಲ ಅಲ್ವಾ ನಾವು?" ಎಂದು, ಉತ್ತರಕ್ಕೆ ಕಾಯದೆ ನಡೆದಳು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಡೆಲ್ಮರ್ ಬಾಯಿ ತೆರೆಯುವ ಮೊದಲೇ ಫರ್ನ್ ತಡೆದಳು. "ನನಗೇನೂ ಹೇಳಬೇಡ. ಅವಳು ದಾರಿಯುದ್ದಕ್ಕೂ ಜೋಳದ ಹೊಲ ನೋಡ್ತಾ ಕೂತಿದ್ದಳು. ಇಳಿಯುವಾಗ ಕರ್ಕೊಂಡು ಹೋಗಿದ್ದಕ್ಕೆ ಥ್ಯಾಂಕ್ಸ್ ಅಂದಳು. ಬರಲ್ಲ ಬರಲ್ಲ ಅಂದೋಳನ್ನ ಬಲವಂತ ಮಾಡಿದೋಳು ನಾನು. ನಾಳೆಯಿಂದ ಅವಳ ಮುಖ ಹೇಗೆ ನೋಡ್ಲಿ, ಅದನ್ನ ಹೇಳು." ಅವನು ತಟ್ಟೆ ನೋಡುತ್ತ ಕೂತ.

ಮೇಳ ಮುಗಿಯುವವರೆಗೆ ಅವನು ಮತ್ತೆ ಆ ಕಡೆ ಹೋಗಲಿಲ್ಲ. ಭಾನುವಾರ ಸಂಜೆ ಹೋಗಿ, ಗೇಲಾರ್ಡ್‌ನ ಕಣ್ಣು ತಪ್ಪಿಸಿ ಹಲಗೆಯನ್ನು ಇಳಿಸಿದ, ರಿಬ್ಬನ್ನು ಕಿತ್ತು ಕಸದ ಡಬ್ಬಿಗೆ ಹಾಕಿದ. ಸೋಮವಾರ ಬೆಳಿಗ್ಗೆ ಹಲಗೆಗೆ ಟವೆಲು ಸುತ್ತಿಕೊಂಡು ಬೀದಿ ದಾಟಿದ. ದಾಟುವುದು ಹತ್ತು ಮಾರು ಅಷ್ಟೇ, ಆದರೂ ಊರಿನ ಕಿಟಕಿಗಳೆಲ್ಲ ತನ್ನನ್ನೇ ನೋಡುತ್ತಿವೆ ಎನಿಸಿತು.

ಕೊರಿನ್ ಜಾಲರಿ ಬಾಗಿಲು ತೆರೆದು ಹೊರಗೆ ಬಂದಳು. ಒಳಗೆ ಬಾ ಎನ್ನಲಿಲ್ಲ. ಕಾಫಿ ಕುಡೀತೀಯಾ ಎನ್ನಲಿಲ್ಲ. ಕರೆಂಟಿನ ಮೀಟರು ನೋಡಲು ಬಂದವನಿಗೂ ಕಾಫಿ ಕೇಳುವ ಊರು ಅದು.

"ತಪ್ಪಾಯ್ತು ಕೊರಿನ್."

"ಹೂಂ."

"ಇದನ್ನ ನೀನೇ ಇಟ್ಕೋ. ಬೇಡ ಅಂದ್ರೆ ಸುಟ್ಟುಬಿಡ್ತೀನಿ."

"ಅವನ ಮುಖಾನ ನಿನ್ನ ಒಲೆಗೆ ಹಾಕ್ತೀಯಾ?"

ಅವಳು ಟವೆಲಿನ ಸಮೇತ ಅದನ್ನು ಇಸಿದುಕೊಂಡು ಒಳಗೆ ಹೋದಳು. ಅಲ್ಲಿಗೆ ಮುಗಿಯಿತೇನೋ ಎಂದುಕೊಂಡು ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಬಾಗಿಲು ಮತ್ತೆ ಕಿರುಗುಟ್ಟಿತು. ಈ ಸಲ ಅವಳ ಕೈಯಲ್ಲಿದ್ದದ್ದು ಅವಳ ಹಲಗೆ, ಏಪ್ರಿಲ್‌ನಲ್ಲಿ ಅವನು ಕೊಟ್ಟದ್ದು.

"ಒಂದು ಕೇಳ್ತೀನಿ. ನನ್ನ ಮನಸ್ಸಿಗೆ ಅಂತ ಸುಳ್ಳು ಹೇಳಬೇಡ" ಎಂದಳು. "ಆರ್ವಿಡ್‌ಗೆ ಗಡ್ಡ ಬೇಗ ಬೆಳೀತಿತ್ತು. ರಾತ್ರಿ ನುಣ್ಣಗಿದ್ದರೆ ಬೆಳಿಗ್ಗೆ ಹೊತ್ತಿಗೆ ಚುಚ್ಚೋದು. ಇದನ್ನ ಕೈಯಲ್ಲಿ ಹಿಡ್ಕೊಂಡಾಗ ಬೆರಳೆಲ್ಲ ಹಿಂಬದಿಗೆ ಹೋಗುತ್ತಲ್ಲ, ಅಲ್ಲಿ ಗದ್ದದ ಹತ್ರ ಹಾಗೇ ಚುಚ್ಚುತ್ತೆ. ದಿನಾ ಏಳೋ ಮುಂಚೆ ಮುಟ್ಟಿ ನೋಡ್ತೀನಿ. ನಮ್ಮ ಡೆಲ್ಮರ್ ಇದನ್ನೂ ಬಿಡದೆ ಮಾಡಿದಾನಲ್ಲ ಅಂದ್ಕೊಂಡಿದ್ದೆ." ಅವಳು ಅವನ ಮುಖ ನೋಡಿದಳು. "ಬೇಕಂತಲೇ ಬಿಟ್ಟಿದ್ದಾ?"

ಹೌದು ಎಂದರೆ ಸಾಕಿತ್ತು. ಅವಳಿಗೆ ಸಮಾಧಾನ, ಅವನಿಗೂ ಬಚಾವು. ತನಗೆ ಬಚಾವಾಗಬೇಕು ಎನಿಸುತ್ತಿದೆಯಲ್ಲ ಎಂಬುದೇ ಆ ಸುಳ್ಳಿಗೆ ಅಡ್ಡ ಬಂತು.

"ಇಲ್ಲ" ಎಂದ. "ಅಲಗಿನ ಹಲ್ಲು ಕೆಳಮುಖವಾಗಿರುತ್ತೆ. ಕೆಳಗಿನ ಹಲಗೆಯ ಹಿಂಬದೀಲಿ ಜುಂಗು ಏಳುತ್ತೆ. ಉಜ್ಜಿ ತೆಗೀಬೇಕಿತ್ತು. ಆ ಇನ್ನೊಂದನ್ನ ಕೂತು ಉಜ್ಜಿದೆ. ಇದನ್ನ... ಹೇಗೂ ಯಾರೂ ನೋಡಲ್ಲವಲ್ಲ ಅಂತ."

"ಹಾಗಾದ್ರೆ ಇದು ಬರೀ ಜುಂಗು."

"ಹೂಂ."

ಮೇಳದಲ್ಲಿ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲವೆನಿಸಿತು ಡೆಲ್ಮರ್‌ಗೆ. ಮೊದಲು ಅವಳ ಗಂಡನ ನಗುವನ್ನು ಊರಿಗೆಲ್ಲ ಹಂಚಿದ್ದ. ಈಗ ನಿಜ ಹೇಳಿ, ಅವಳಿಗೆ ದಿನಾ ಬೆಳಿಗ್ಗೆ ಸಿಗುತ್ತಿದ್ದ ಆ ಒರಟು ಗದ್ದವನ್ನೂ ಕಸಿದುಕೊಂಡಿದ್ದ. ಬಯ್ದರೆ ಬಯ್ಯಲಿ, ಕದ ಮುಖಕ್ಕೆ ಬಡಿಯಲಿ ಎಂದು ತಲೆ ತಗ್ಗಿಸಿ ಕಾದ.

"ಉಜ್ಜೋ ಕಾಗದ ಇದೆಯಾ?"

ಅವನು ಜೇಬು ತಡಕಿದ. ಮಡಚಿಟ್ಟ ಒಂದು ತುಂಡು ಸಿಕ್ಕಿತು.

"ಹಾಗಾದ್ರೆ ಕೂತ್ಕೊಂಡು ಕೆಲಸ ಮುಗಿಸು. ಅರ್ಧಕ್ಕೇ ಬಿಟ್ಟಿದ್ದೀಯ."

ಅವನು ಮೆಟ್ಟಿಲ ಮೇಲೆ ಕೂತ. ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಹಣೆಯಿಂದ ಶುರು ಮಾಡಿದ. ಮರ ನುಣುಪಾಗುತ್ತ ಬಂತು. ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗಿನ ಪಕ್ಕ, ತುಟಿ. ಬೀದಿಯಲ್ಲಿ ಯಾರದೋ ಗಾಡಿ ಹಾರ್ನ್ ಮಾಡಿ ಹೋಯಿತು; ಇಬ್ಬರೂ ತಲೆ ಎತ್ತಲಿಲ್ಲ. ಬಾಯಿಯ ಕೆಳಗೆ ಬಂದಾಗ ಅವನ ಕೈ ತಾನಾಗಿಯೇ ನಿಂತಿತು. ಗದ್ದವನ್ನೂ ಉಜ್ಜಲೇ ಎಂದು ಕೇಳಲು ಧೈರ್ಯ ಸಾಲಲಿಲ್ಲ.

ಕೊರಿನ್ ಮಂಡಿ ಹಿಡಿದುಕೊಂಡು ನಿಧಾನವಾಗಿ ಅವನ ಪಕ್ಕದಲ್ಲಿ ಕೂತಳು. ಅವನ ಕಡೆ ನೋಡದೆ, ತನ್ನ ಅಂಗೈಯನ್ನು ಆ ಮರದ ಗದ್ದದ ಮೇಲೆ ಮುಚ್ಚಿ ಇಟ್ಟಳು.

ಡೆಲ್ಮರ್ ಅವಳ ಕೈಯ ಸುತ್ತ ಉಜ್ಜತೊಡಗಿದ. ಮರದ ಪುಡಿ ಹಾರಿ ಅವಳ ಬೆರಳುಗಳ ಮೇಲೆ ಕೂತಿತು. ಅವಳು ಕೈ ತೆಗೆಯಲಿಲ್ಲ.