ಅಕ್ಕ ಕಾಪಾಡಿದ ಕೈಗುಣ

ನಮ್ಮ ಅಂಗಡಿಯ ತುಂಬ ಬೇರು, ತೊಗಟೆ, ಒಣಗಿದ ಎಲೆಯ ಡಬ್ಬಿಗಳು. ಜನ ಬರುವುದು ಮಾತ್ರ ಡಬ್ಬಿಗಳಿಗಲ್ಲ, ನನ್ನ ಕೈಗುಣಕ್ಕಂತೆ. ಈ ಕೈಗುಣವೆಂಬ ಪೀಡೆಯನ್ನು ನನಗೆ ಗಂಟು ಹಾಕಿದವಳು ನನ್ನ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ಹಿತ್ತಲಲ್ಲಿ ಕೂತು ಕಷಾಯ ಕುದಿಸುವವಳೂ ಅವಳೇ. ಲೋಟ ಎತ್ತಿ ಕೊಡುವುದಷ್ಟೇ ನನ್ನ ಕೆಲಸ.

ನೆಗಡಿ, ಅಜೀರ್ಣ, ಮೈಕೈ ನೋವಿಗೆ ನಮ್ಮ ಔಷಧ ಪರವಾಗಿಲ್ಲ. ಮಲೇರಿಯಾಕ್ಕೆ ಅದು ನೀರಿಗೆ ಸಮ. ಇದನ್ನು ಗಂಟಲು ಹರಿಯುವಂತೆ ಹೇಳುತ್ತೇನೆ. ಚಳಿಜ್ವರ ಅಂತ ಬಂದವರನ್ನು ಮೊದಲು ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿ ಎಂದು ಅಟ್ಟುತ್ತೇನೆ. ಅವರು ಮುಸಿಮುಸಿ ನಗುತ್ತಾರೆ.

"ಕೈಗುಣ ಇರೋ ದೊಡ್ಡೋರು ಹಾಗೇ ಹೇಳೋದು ಬಿಡಿ."

ಮಾತ್ರೆ ಉಷ್ಣ, ಹೊಟ್ಟೆ ಉರಿಯುತ್ತೆ, ಬೇರಾದರೆ ಮೈಗೆ ಒಗ್ಗುತ್ತೆ ಎಂದು ನನಗೇ ಪಾಠ ಬೇರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಬಾಳು.

ಹೋದ ವರ್ಷ ನನಗೇ ಮಲೇರಿಯಾ ಬಂದಿತ್ತು. ಆಸ್ಪತ್ರೆಯ ಮಾತ್ರೆ ನುಂಗಿ ಎದ್ದು ಕೂತೆ. ಅಕ್ಕ ಬೀದಿಗೆಲ್ಲ ಸಾರಿದ್ದೇ ಬೇರೆ: "ನಮ್ಮ ತಮ್ಮ ತನ್ನ ಕಷಾಯ ಕುಡಿದೇ ಗೆದ್ದ!" ನಾನು ರೇಗಿದರೆ, "ಸುಮ್ನಿರೋ, ಗೋಡೆಗೂ ಕಿವಿ ಇರುತ್ತೆ," ಎಂದು ಬಾಯಿ ಮುಚ್ಚಿಸಿದಳು.

ಈ ಸಲ ಜ್ವರ ಅಕ್ಕನನ್ನೇ ಹಿಡಿಯಿತು. ಬಲವಂತವಾಗಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಮಲೇರಿಯಾವೇ. ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದವಳೇ ಹಟ ಹಿಡಿದಳು.

"ಕಷಾಯ ಮಾಡ್ಕೊಡು."

"ಅದ್ರಿಂದ ಇದು ಹೋಗಲ್ಲ ಅಕ್ಕ. ನಂಗೂ ಗೊತ್ತು, ನಿಂಗೂ ಗೊತ್ತು."

"ಬೇರಿನಂಗಡಿಯವನ ಅಕ್ಕಾನೇ ಮಾತ್ರೆ ನುಂಗಿ ಎದ್ಲು ಅಂತಾದ್ರೆ, ನಾಳೆ ನಿನ್ನ ಬಾಗಿಲಿಗೆ ನೊಣಾನೂ ಬರಲ್ಲ ಕಣೋ."

"ನೊಣ ಬರೋದು ಬೇಡ. ನೀನಿದ್ರೆ ಸಾಕು."

ಅವಳು ಅಂಗೈ ಚಾಚಿದಳು. "ಸರಿ. ನಿನ್ನ ಕೈಯಿಂದ್ಲೇ ಕೊಡು, ತಗೋತೀನಿ."

ಕೊಟ್ಟೆ. ಪ್ರತಿ ಸಲವೂ ನಾನೇ ಅವಳ ಅಂಗೈಗೆ ಮಾತ್ರೆ ಹಾಕಿ ನೀರು ಹಿಡಿದೆ. ಅವಳು ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತಿದ್ದಳು. ಅಂತೂ ಗೆದ್ದೆ ಅಂದುಕೊಂಡೆ. ಜ್ವರ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಒಂದು ಮಧ್ಯಾಹ್ನ ಅವಳು ನನ್ನನ್ನು "ಅಪ್ಪಾ" ಎಂದು ಕರೆದಳು. ಅಪ್ಪ ಸತ್ತು ಎಷ್ಟೋ ಕಾಲವಾಗಿತ್ತು.

ಆಟೋ ತರಿಸಿ ಅವಳನ್ನು ಎತ್ತಿಕೊಂಡೆ. ದಿಂಬು ಜಾರಿತು. ಅದರ ಗವಸಿನೊಳಗಿಂದ ಮಾತ್ರೆಗಳು ನೆಲಕ್ಕೆ ಉದುರಿದವು. ಕೆಲವು ಎಂಜಲಿಗೆ ಕರಗಿ ಬಟ್ಟೆಗೇ ಅಂಟಿಕೊಂಡಿದ್ದವು. ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ನಾನು ಬೆನ್ನು ತಿರುಗಿಸಿದ ಮೇಲೆ ಉಗಿದು ಬಚ್ಚಿಟ್ಟಿದ್ದಳು, ನನ್ನ ಬಾಗಿಲಿಗೆ ಜನ ಬರುತ್ತಿರಲಿ ಎಂದು. ಅಳು ಬಂತು, ಅವಳ ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಸಿಟ್ಟೂ ಬಂತು. ಸಿಕ್ಕಷ್ಟು ಮಾತ್ರೆಗಳನ್ನು ಬಾಚಿ ಜೇಬಿಗೆ ತುಂಬಿಕೊಂಡು ಆಟೋ ಹತ್ತಿದೆ.

"ತುಂಬ ತಡ ಮಾಡಿದ್ರಿ," ಎಂದರು ಡಾಕ್ಟರು. ಸೂಜಿ ಚುಚ್ಚಿದರು, ಬಾಟಲಿ ಏರಿಸಿದರು. ಅಕ್ಕ ಉಳಿಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಪಕ್ಕದ ಹೊಲಿಗೆ ಅಂಗಡಿಯವಳು ಸುದ್ದಿ ತಿಳಿದು ಓಡಿ ಬಂದಳು. ಅವಳ ಮಗಳಿಗೂ ಮೂರು ದಿನದಿಂದ ಚಳಿಜ್ವರ ಎಂದು ನನಗೆ ಗೊತ್ತಿತ್ತು. ಜೇಬಿನಿಂದ ಮಾತ್ರೆಗಳನ್ನು ತೆಗೆದು ಅವಳ ಮುಂದೆ ಕೈ ಚಾಚಿದೆ.

"ಇವನ್ನೇ ಕೊಟ್ಟಿದ್ರಾ?" ಎಂದು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ! ನಿಮ್ಮ ಕಷಾಯಕ್ಕೇ ಬಿಟ್ಟಿದ್ರೆ ಬದುಕ್ತಿದ್ರು."

"ಇಲ್ಲಮ್ಮ, ಅವಳು ಇದನ್ನ ನುಂಗಲೇ ಇಲ್ಲ. ನುಂಗದೇ ಸತ್ಲು. ನಿನ್ನ ಮಗಳನ್ನ ಈಗಲೇ ಇಲ್ಲಿಗೆ ಕರ್ಕೊಂಡು ಬಾ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಕಣ್ಣೊರೆಸಿಕೊಂಡು ನನ್ನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, ಮಾತ್ರೆಗಳ ಸಮೇತ ಮೆಲ್ಲಗೆ ಮುಚ್ಚಿದಳು.

"ಕೈಗುಣ ಇರೋ ದೊಡ್ಡೋರು ಹಾಗೇ ಹೇಳೋದು," ಎಂದಳು. "ಮಗಳಿಗೆ ಇದನ್ನ ಮುಟ್ಟಿಸಲ್ಲ. ನೀವು ಅಂಗಡಿ ತೆಗೆಯೋವರೆಗೂ ಕಾಯ್ತೀವಿ."